ಜಮಖಾನೆಯ ಮೇಲೆ ಮುಖಾಮುಖಿ ಬಂದ ವಿಮಾನಗಳು

ಅಕ್ಟೋಬರ್ ಮೊದಲ ವಾರ ನವಲಗುಂದದ ನಮ್ಮ ನೇಯ್ಗೆ ಕೇಂದ್ರಕ್ಕೆ ಬಂದ ಅಜ್ಜರೊಬ್ಬರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳಿದ್ದು, ಜಮಖಾನೆಯಲ್ಲಿ ವಿಮಾನ ನೇಯಲು ಬರುತ್ತದೆಯೇ ಎಂದು. ಅಂದಿನ ದಿನಚರಿಯಲ್ಲಿ ನಾನು ಬರೆದುಕೊಂಡದ್ದು ಇಷ್ಟೇ: 'ವಿಮಾನ, ಎರಡು. ಆರಡಿ ಅಗಲ, ಒಂಬತ್ತಡಿ ಉದ್ದ. ಡಿಸೆಂಬರ್ ಹದಿನಾರಕ್ಕೆ ಬೇಕು.'

ಅಜ್ಜ ಅಣ್ಣಿಗೇರಿ ಕಡೆಯ ಹಳ್ಳಿಯವರು. ಎಪ್ಪತ್ತೊಂದರ ಯುದ್ಧದ ಕಾಲಕ್ಕೆ ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, ವಾಯುಪಡೆಯಲ್ಲಿ ಫಿಟ್ಟರ್. ಗಡಿ ಹತ್ತಿರದ ಒಂದು ವಿಮಾನ ನಿಲ್ದಾಣದಲ್ಲಿ ನ್ಯಾಟ್ ಎಂಬ ಸಣ್ಣ ಯುದ್ಧವಿಮಾನಗಳನ್ನು ಹಾರಲು ಸಜ್ಜು ಮಾಡುವ ತಂಡದಲ್ಲಿದ್ದರು. ಅವರ ಊರಿನ ಶಾಲೆಯಲ್ಲಿ ಪ್ರತಿವರ್ಷ ಡಿಸೆಂಬರ್ ಹದಿನಾರರಂದು ವಿಜಯ ದಿವಸ ಆಚರಿಸುತ್ತಾರೆ. ಈ ಸಲ ಅಜ್ಜನ ತಂಡದಲ್ಲಿ ಉಳಿದಿರುವ ಇನ್ನೂ ನಾಲ್ವರು ಆ ಸಮಾರಂಭಕ್ಕೆ ಬರುವವರಿದ್ದರು. ಐವರೂ ಸೇರಿ ಕೂರಲು ಒಂದು ಜಮಖಾನೆ ಬೇಕು, ಅದರ ಮೇಲೆ ತಾವು ನೋಡಿಕೊಂಡ ಎರಡು ವಿಮಾನಗಳು ಇರಬೇಕು ಎಂಬುದು ಅವರ ಆಸೆ.

ಕೇಂದ್ರದಲ್ಲಿ ನಕ್ಷೆ ಬರೆಯುವವಳು ನಾನು. ಗ್ರಾಫ್ ಹಾಳೆಯ ಚೌಕಗಳನ್ನು ತುಂಬುವುದು, ಯಾವ ಬಣ್ಣದ ನೂಲು ಎಷ್ಟು ಬೇಕೆಂದು ಲೆಕ್ಕ ಹಾಕುವುದು, ಸಂಜೆ ಆಯಾ ಮಗ್ಗದಲ್ಲಿ ಎಷ್ಟು ಗೇಣು ನೇಯ್ಗೆ ಆಯಿತೆಂದು ಅಳೆದು ಬರೆದಿಡುವುದು. ನಮ್ಮ ಮಗ್ಗಗಳು ಗೋಡೆಯ ಬದಿಗೆ ನೆಟ್ಟಗೆ ನಿಂತ ಕಬ್ಬಿಣದ ಚೌಕಟ್ಟುಗಳು. ಈ ವಿಮಾನದ ಮಗ್ಗಕ್ಕೆ ಕೂತವರು ಇಬ್ಬರು. ಎಡಗಡೆ ಖಾಲಾ. ಕೇಂದ್ರದಲ್ಲೇ ಹಿರಿಯರು, ಎಲ್ಲರಿಗೂ ಅವರು ಖಾಲಾನೇ, ಅಂದರೆ ಚಿಕ್ಕಮ್ಮ. ಬಲಗಡೆ ಅವರ ನಾದಿನಿ, ಅವರಿಗೆ ಮಾತ್ರ ಖಾಲಾ 'ಭಾಬಿ'. ಇಬ್ಬರೂ ಹುಡುಗಿಯರಾಗಿದ್ದಾಗಿನಿಂದ ಒಂದೇ ಮಗ್ಗದ ಮುಂದೆ ಮೊಣಕೈ ತಾಗಿಸಿಕೊಂಡು ಕೂತವರು.

ಅಜ್ಜ ತಂದಿದ್ದ ಫೋಟೋ ಇಟ್ಟುಕೊಂಡು ವಿಮಾನವನ್ನು ಮೇಲಿನಿಂದ ಕಂಡಂತೆ ಬರೆದೆ. ನೇಯ್ಗೆಯಲ್ಲಿ ಓರೆ ಗೆರೆ ಎಂಬುದೇ ಇಲ್ಲ. ಇರುವುದು ಮೆಟ್ಟಿಲು ಮಾತ್ರ. ಹಿಂದಕ್ಕೆ ಬಾಗಿದ ರೆಕ್ಕೆಯನ್ನು ಪ್ರತಿ ಸಾಲಿಗೂ ಒಂದೊಂದು ಎಳೆ ಸರಿಸುತ್ತ ಮೆಟ್ಟಿಲು ಮಾಡಿದೆ. ರೆಕ್ಕೆಯ ಮೇಲಿನ ದುಂಡನೆಯ ಗುರುತು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಎಂಟು ಮೂಲೆಯದಾಯಿತು. ಅಜ್ಜನಿಗೆ ತೋರಿಸಿದಾಗ ಅವರು ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ನೋಡಿ, ದೂರದಿಂದ ಗುಂಡಗೇ ಕಾಣುತ್ತದೆ ಎಂದು ಒಪ್ಪಿಕೊಂಡರು.

ಬಣ್ಣಕ್ಕೆ ಮಾತ್ರ ಒಂದು ವಾರ ಹೋಯಿತು. ನ್ಯಾಟ್ ಬೆಳ್ಳಿ ಬಣ್ಣದ್ದು. ನಮ್ಮಲ್ಲಿ ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ ಬಿಟ್ಟರೆ ಬೇರೆ ನೂಲು ಕಡಿಮೆ. ಬೂದಿ ಬಣ್ಣ ಹಾಕಿಸಿದ ಮೊದಲ ಕಂತು ಒಣಗಿದ ಮೇಲೆ ನೀಲಿಯಾಯಿತು, ಎರಡನೆಯದು ಮಣ್ಣಿನಂತಾಯಿತು. ಕೊನೆಗೆ ನಾದಿನಿ ಮೂರು ಬಿಳಿ ಎಳೆಗೆ ಒಂದು ಕಪ್ಪು ಎಳೆ ಸೇರಿಸಿ ಹುರಿ ಮಾಡಿ ನೋಡಿದರು. ಹತ್ತಿರದಿಂದ ಅದು ಎಳ್ಳು ಬೆರೆಸಿದ ಅಕ್ಕಿಯಂತಿತ್ತು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೊಸ ತಗಡಿನಂತೆ ಹೊಳೆಯಿತು. ಅದನ್ನೇ ಇಟ್ಟುಕೊಂಡೆವು.

ನಮ್ಮಲ್ಲಿ ನಕ್ಷೆಯ ಪದ್ಧತಿ ಒಂದಿದೆ. ಜಮಖಾನೆಯ ಎಡ ಅರ್ಧವನ್ನು ಮಾತ್ರ ಬರೆಯುತ್ತೇವೆ. ಎಡಗಡೆಯವರು ಎಳೆ ಎಣಿಸಿ ಹೇಳುತ್ತ ನೇಯುತ್ತಾರೆ, ಬಲಗಡೆಯವರು ಆ ಎಣಿಕೆ ಕೇಳಿಸಿಕೊಂಡು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೇಯುತ್ತಾರೆ. ಎಡದ ನವಿಲು ಬಲಕ್ಕೆ ನೋಡಿದರೆ ಬಲದ ನವಿಲು ಎಡಕ್ಕೆ ನೋಡುತ್ತದೆ. ಇದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹಾಗಾಗಿ ನಾನು ಒಂದೇ ವಿಮಾನ ಬರೆದೆ, ಮೂತಿ ನಡುವಿನ ಕಡೆಗೆ. ಖಾಲಾ ಎಣಿಸಿದರು, ನಾದಿನಿ ತಿರುಗಿಸಿದರು. ನವೆಂಬರ್ ಎರಡನೇ ವಾರದ ಹೊತ್ತಿಗೆ ಕೆಳಗಿನ ಅಂಚು, ಎರಡೂ ವಿಮಾನಗಳ ಕೆಳಗಿನ ರೆಕ್ಕೆ, ಮೂತಿ ಮತ್ತು ಅರ್ಧ ಹೊಟ್ಟೆ ಮುಗಿದಿದ್ದವು. ಕೇಂದ್ರದವರೆಲ್ಲ ಬಂದು ನೋಡಿ ಹೊಗಳಿದರು. ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಆ ವಾರ ಅಜ್ಜ ಬಂದರು. ಚೀಲದಲ್ಲಿ ಎಲ್ಲರಿಗೂ ಹುರಿದ ಶೇಂಗಾ. ಮಗ್ಗದ ಮುಂದೆ ನಿಂತು ಕನ್ನಡಕ ಹಾಕಿಕೊಂಡರು, ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ತಂಗಿ, ಇವು ಯಾವ ಕಡಿ ಹೊಂಟಾವು?"

"ಇದು ಈ ಕಡಿ, ಅದು ಆ ಕಡಿರಿ," ಅಂದೆ ನಾನು.

"ಮತ್ತ ನಡುವ ಬಂದು ಏನ್ ಮಾಡ್ತಾವು? ಕೈ ಕುಲಕ್ತಾವೇನು?"

ಬೇರೆ ಮಗ್ಗಗಳಲ್ಲಿ ಪಂಜಾದ ಸದ್ದು ನಿಂತಿತು. ಪಂಜಾ ಎಂದರೆ ನೂಲನ್ನು ಕೆಳಗೆ ಕುಟ್ಟಿ ಕೂರಿಸುವ ಕಬ್ಬಿಣದ ಬಾಚಣಿಗೆ. ಅದು ನಿಂತರೆ ಕೇಂದ್ರದಲ್ಲಿ ಏನೋ ಆಗಿದೆ ಎಂದೇ ಅರ್ಥ. ಖಾಲಾ ಮಾತ್ರ ಗಾಬರಿಯಾಗಲಿಲ್ಲ.

"ಎದುರಾಬದುರಾ ಇದ್ರನ ಚಂದ ಅಲ್ರಿ ಅಜ್ಜಾರ. ನಾವು ನವಿಲೂ ಹಿಂಗ ಹಾಕೂದು."

"ನವಿಲ ನಿಂತಿರ್ತಾವ್ರಿ ಬಾಯಾರ," ಅಂದರು ಅಜ್ಜ. "ಇವು ನಿಲ್ಲೂದಿಲ್ಲ."

ಮೊದಲು ನಕ್ಕವರು ನಾದಿನಿ. ಆಮೇಲೆ ಖಾಲಾ, ಆಮೇಲೆ ಎಲ್ಲರೂ. ಅಜ್ಜನೂ ನಕ್ಕರು. ಆದರೆ ಶೇಂಗಾ ಹಂಚಿ ಮುಗಿದ ಮೇಲೆ ನನ್ನನ್ನು ಕಟ್ಟೆಗೆ ಕರೆದು ಕೂರಿಸಿಕೊಂಡರು. ಯುದ್ಧವಿಮಾನ ಒಂಟಿಯಾಗಿ ಹೋಗುವುದಿಲ್ಲ, ಒಂದು ಮುಂದೆ ಹೋದರೆ ಇನ್ನೊಂದು ಸ್ವಲ್ಪ ಹಿಂದೆ, ಸ್ವಲ್ಪ ಬದಿಗೆ ಇದ್ದು ಅದರ ಬೆನ್ನು ಕಾಯುತ್ತದೆ ಎಂದು ವಿವರಿಸಿದರು. ತಮ್ಮ ಐವರ ಕೈಯಲ್ಲಿ ಇದ್ದದ್ದು ಅಂಥದೇ ಒಂದು ಜೊತೆ. ಬರುವ ನಾಲ್ವರಲ್ಲಿ ಒಬ್ಬರಿಗೆ ಹೃದಯದ ತೊಂದರೆ. ದೂರದ ಪ್ರಯಾಣ ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದರೂ, ಇದೊಂದು ಸಲ ಬಂದೇ ಬರುತ್ತೇನೆ ಎಂದು ಹಟ ಹಿಡಿದಿದ್ದಾರಂತೆ.

"ಇಲ್ಲಿ ನಾವು ನಕ್ವಿ, ಆ ಮಾತ ಬ್ಯಾರೆ. ಅಂವಾ ನೋಡಿದ್ರ ನಗೂದಿಲ್ಲ ತಂಗಿ. ಎರಡ ವಿಮಾನ ಮೂತಿಗೆ ಮೂತಿ ಕೊಟ್ಟದ್ದು ನೋಡಾಕ ಅಂವ ಅಷ್ಟ ದೂರಿಂದ ಬರಬಾರದು."

ನಮ್ಮ ವ್ಯವಸ್ಥಾಪಕರು ಎರಡು ದಾರಿ ಹೇಳಿದರು. ಒಂದು, ಎರಡೂ ಕಡೆ ಬಿಚ್ಚಿ, ಎರಡೂ ವಿಮಾನಗಳ ಮೂತಿ ಮೇಲಕ್ಕೆ ಬರುವಂತೆ ಹೊಸದಾಗಿ ನೇಯುವುದು. ಆಗ ಕನ್ನಡಿ ಪದ್ಧತಿಯೂ ಉಳಿಯುತ್ತದೆ. ಆದರೆ ಮಾಡಿದ ಕೆಲಸವೆಲ್ಲ ಹೋಗುತ್ತದೆ, ಡಿಸೆಂಬರ್ ಹದಿನಾರು ತಪ್ಪುತ್ತದೆ. ಇನ್ನೊಂದು, ಬಲ ಅರ್ಧವನ್ನು ಮಾತ್ರ ಬಿಚ್ಚುವುದು. ನಮ್ಮಲ್ಲಿ ಇಬ್ಬರ ನೂಲೂ ನಡುಗೆರೆಯಲ್ಲಿ ಕೊಂಡಿಯಾಗಿ ಸೇರುವುದರಿಂದ ಒಂದು ಬದಿಯನ್ನಷ್ಟೇ ಬಿಚ್ಚಲು ಬರುತ್ತದೆ. ಎಡದ ವಿಮಾನ ಹಿಂದಿನದಾಗಿ ಉಳಿಯಲಿ, ಬಲದ್ದು ಅದರ ಮುಂದೆ, ಒಂದು ಗೇಣು ಮೇಲೆ, ಅದೇ ದಿಕ್ಕಿಗೆ ಹೋಗಲಿ. ಎರಡನೆಯದೇ ಆಗಲಿ ಎಂದೆವು. ಅಂದಿನ ದಿನಚರಿ: 'ನೇಯ್ದದ್ದು ಸೊನ್ನೆ. ಬಿಚ್ಚಿದ್ದು ಒಂದು ಮೊಳ.'

ಬಿಚ್ಚುವುದು ಸುಲಭವಿತ್ತು. ನೇಯುವುದು ಆಗಲಿಲ್ಲ. ನಾನು ಬಲದ ವಿಮಾನಕ್ಕೆ ಬೇರೆಯೇ ನಕ್ಷೆ ಬರೆದು ನಾದಿನಿಯ ಎದುರು ತೂಗುಹಾಕಿದೆ. ಅವರು ಹಾಳೆ ನೋಡಿ ತಲೆಯಾಡಿಸುತ್ತಿದ್ದರು, ಖಾಲಾ ಎಣಿಸಲು ಶುರುಮಾಡಿದ ಕೂಡಲೇ ಅವರ ಬೆರಳು ತಾನಾಗಿಯೇ ತಿರುಗಿಬಿಡುತ್ತಿತ್ತು. ರೆಕ್ಕೆಯ ಮೆಟ್ಟಿಲು ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ ಹೋಗುತ್ತಿತ್ತು. ಖಾಲಾ ಎಣಿಸುವುದನ್ನು ನಿಲ್ಲಿಸಿ ನೋಡಿದೆವು. ಆಗ ಎಡಗಡೆಯ ಎಣಿಕೆಯೇ ತಪ್ಪಿತು. ಜಾಗ ಅದಲುಬದಲು ಮಾಡಿ ನೋಡಿದೆವು, ಇಬ್ಬರ ಕೈಯೂ ತಪ್ಪಿತು. ಸಂಜೆಗೆ ಬಿಚ್ಚುವುದು, ಬೆಳಿಗ್ಗೆ ನೇಯುವುದು, ಹೀಗೇ ಆ ವಾರ ಕಳೆಯಿತು. ನಾದಿನಿ ಒಂದು ಮಧ್ಯಾಹ್ನ ಪಂಜಾ ಕೆಳಗಿಟ್ಟು, ಇದನ್ನು ಬೇರೆ ಯಾರಿಗಾದರೂ ಕೊಡಿರೆಂದು ಹೇಳಿ ಗೋಡೆಗೆ ಒರಗಿಬಿಟ್ಟರು. ಬೇರೆ ಯಾರಿಗೆ ಕೊಡುವುದು? ಬಲಗಡೆ ಕೂರುವವರೆಲ್ಲರ ಕೈಯೂ ಅದೇ ರೂಢಿಯಲ್ಲಿ ಬೆಳೆದದ್ದು.

ಮರುದಿನ ಕೆಂಪು ನೂಲಿನ ಉಂಡೆಯೊಂದು ಉರುಳಿ ಮಗ್ಗದ ಹಿಂದೆ ಹೋಯಿತು. ಮಗ್ಗಕ್ಕೂ ಗೋಡೆಗೂ ನಡುವೆ ಒಂದು ಕೈ ತೂರುವಷ್ಟು ಸಂದಿ. ನಾನು ತಲೆ ಓರೆ ಮಾಡಿ ಹುಡುಕುವಾಗ ಹಿಂಬದಿಯಿಂದ ಖಾಲಾ ನೇಯ್ದ ವಿಮಾನ ಕಂಡಿತು. ನಮ್ಮ ಜಮಖಾನೆಗೆ ಒಳಮೈ ಹೊರಮೈ ಎಂಬ ಭೇದವಿಲ್ಲ, ಎರಡೂ ಬದಿ ಒಂದೇ ಥರ. ಆದರೆ ಹಿಂದಿನಿಂದ ನೋಡಿದರೆ ಅದೇ ವಿಮಾನ ಎಡಕ್ಕೆ ಹೊರಟಿತ್ತು.

ಉಂಡೆಯನ್ನು ಅಲ್ಲೇ ಬಿಟ್ಟು ಹೊರಬಂದು ಹಾಳೆಯೊಂದರ ಮೇಲೆ ವಿಮಾನ ಬರೆದು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಾದಿನಿಯ ಕೈ ಬದಲಾಗಬೇಕಿಲ್ಲ. ಅವರು ಕೂರುವ ಜಾಗ ಬದಲಾದರೆ ಸಾಕು. ಮಗ್ಗದ ಹಿಂದೆ ಕೂತು ತಮ್ಮ ರೂಢಿಯಂತೆ ಎಡಕ್ಕೆ ಮೂತಿ ಬರುವಂತೆ ನೇಯಲಿ. ಮುಂದಿನಿಂದ ಅದು ಬಲಕ್ಕೇ ಹೋಗುತ್ತದೆ.

ಇದನ್ನು ಹೇಳಿದಾಗ ಖಾಲಾ ನನ್ನ ಮುಖವನ್ನೇ ನೋಡಿದರು. "ಹಿಂದ ಕುಂತ ಯಾರರ ನೇಯ್ತಾರೇನು? ಹಂಗ ಯಾರೂ ನೇಯ್ದಿಲ್ಲ."

"ಯಾರೂ ವಿಮಾನಾನೂ ನೇಯ್ದಿದ್ದಿಲ್ಲಲ್ಲ ಭಾಬಿ," ಅಂದರು ನಾದಿನಿ. ಗೋಡೆ ಬಿಟ್ಟು ಎದ್ದು ಕೂತಿದ್ದರು.

ತೊಡಕು ಬೇರೆಯೇ ಇತ್ತು. ಹಿಂದೆ ಕೂರಲು ಜಾಗ ಮಾಡಬೇಕೆಂದರೆ ಮಗ್ಗವನ್ನೇ ಗೋಡೆಯಿಂದ ಮೂರಡಿ ಮುಂದಕ್ಕೆ ತರಬೇಕು. ಕಬ್ಬಿಣದ ಚೌಕಟ್ಟು ನೆಲಕ್ಕೆ ಹೂತದ್ದಲ್ಲ, ನಿಜ. ಆದರೆ ಹಾಸು ನೂಲು ಮೇಲಿನಿಂದ ಕೆಳಗಿನವರೆಗೆ ಬಿಗಿದು ನಿಂತಿತ್ತು. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಉಳಿದು ಚೌಕಟ್ಟು ತಿರುಚಿಕೊಂಡರೆ ಒಂದು ಬದಿಯ ಎಳೆಗಳು ಸಡಿಲಾಗುತ್ತವೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ಜಮಖಾನೆ ಸೊಟ್ಟ. ನೇಯ್ಗೆ ಅರ್ಧಕ್ಕೆ ಇರುವಾಗ ಮಗ್ಗ ಸರಿಸಿದ್ದು ಕೇಂದ್ರದಲ್ಲಿ ಯಾರಿಗೂ ನೆನಪಿರಲಿಲ್ಲ. ವ್ಯವಸ್ಥಾಪಕರು ನಿರ್ಧಾರವನ್ನು ನನಗೇ ಬಿಟ್ಟರು. ಸರಿಸದಿದ್ದರೆ ಜಮಖಾನೆ ಹೇಗೂ ಆಗುವುದಿಲ್ಲ. ಸರಿಸೋಣ ಎಂದೆ. ಎಂದ ಮೇಲೆ ಭಯವಾಗಿ ಅಜ್ಜನಿಗೆ ಫೋನ್ ಮಾಡಿದೆ.

ಅಜ್ಜ ಮರುದಿನ ಮೊದಲ ಬಸ್ಸಿಗೆ ಬಂದರು. ಅಂದು ಶೇಂಗಾ ಇರಲಿಲ್ಲ, ಚೀಲದಲ್ಲಿ ಒಂದು ಸೀಟಿ ಇತ್ತು. ಮಗ್ಗದ ಸುತ್ತ ಒಂದು ಸಲ ಸುತ್ತಿ, ಪ್ರತಿ ಕಾಲಿನ ಬುಡ ಬಗ್ಗಿ ನೋಡಿ, ವಿಮಾನವನ್ನು ಶೆಡ್ಡಿನಿಂದ ಹೊರಗೆ ತರುವುದೂ ಇದೂ ಬೇರೆ ಅಲ್ಲ ಎಂದರು. ಪ್ರತಿ ಕಾಲಿಗೆ ಇಬ್ಬರನ್ನು ನಿಲ್ಲಿಸಿದರು, ಎಲ್ಲಿ ಕೈ ಇಡಬೇಕೆಂದು ಅವರವರಿಗೆ ತೋರಿಸಿದರು. ಮೇಲಿನ ಅಡ್ಡಕಂಬಿಯ ತುದಿಯೊಂದಕ್ಕೆ ನಮ್ಮ ಲೆಕ್ಕದ ಗುಮಾಸ್ತರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ರೆಕ್ಕೆಯ ತುದಿ ಕಾಯುವವರು ನೀವೇ ಎಂದರು. ಅವರ ಕೆಲಸ ಒಂದೇ: ಏನಾದರೂ ಓರೆಯಾದರೆ 'ನಿಲ್ಲು' ಎನ್ನುವುದು.

"ಸೀಟಿ ಊದೂತನಕ ಯಾರೂ ದಬ್ಬಬ್ಯಾಡ್ರಿ. ಊದಿದ ಮ್ಯಾಲೆ ಯಾರೂ ಮಾತಾಡಬ್ಯಾಡ್ರಿ. ನಿಲ್ಲು ಅನ್ನೂ ಹಕ್ಕ ಇವರಿಗೆ ಮಾತ್ರ."

ಅಜ್ಜ ಸೀಟಿ ಊದಿದರು. ಒಂದು ಗೇಣು ಸರಿಯಿತು. ಗುಮಾಸ್ತರು ತಮ್ಮ ಅಧಿಕಾರವನ್ನು ಬಹಳ ಮನಸ್ಸಿಟ್ಟು ಬಳಸಿದರು. ಪ್ರತಿ ಗೇಣಿಗೂ 'ನಿಲ್ಲು' ಎಂದರು. ಮೂರನೇ ಸಲ ಯಾಕೆಂದು ಅಜ್ಜ ಕೇಳಿದ್ದಕ್ಕೆ, ಸ್ಟೂಲು ಹಿಂದೆ ಉಳಿಯಿತು ಎಂದು ತಿಳಿಯಿತು. ಖಾಲಾ ನಗು ತಡೆಯಲಾರದೆ ಕೈಬಿಟ್ಟರು, ಅವರು ಹಿಡಿದಿದ್ದ ಮಗ್ಗದ ಕಾಲಿಗೆ ಅಜ್ಜನೇ ಹೋಗಿ ನಿಂತರು. ಹೀಗೆ ನಿಂತು ನಿಂತು ಮೂರಡಿ ಬಂದೆವು. ಕಾಲುಗಳಿಗೆ ಇಟ್ಟಿಗೆ ಒತ್ತು ಕೊಟ್ಟ ಮೇಲೆ ನಾನು ಹಾಸು ನೂಲಿನ ಮೇಲೆ ಅಂಗೈ ಎಳೆದೆ. ಒಂದು ತುದಿಯಿಂದ ಇನ್ನೊಂದಕ್ಕೆ ಎಲ್ಲ ಎಳೆಗಳೂ ಒಂದೇ ಬಿಗಿಯಲ್ಲಿ ಮಿಡಿದವು. ಅಜ್ಜನ ಕಡೆ ನೋಡಿದೆ. ಅವರು ಆಗಲೇ ಸೀಟಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನಾದಿನಿ ಹಿಂದೆ ಹೋಗಿ ಕೂತರು. ಎಳೆ ಎತ್ತಿಳಿಸುವ ಕೋಲು ಮುಂದಿನವರ ಕೈಗೆ ಮಾತ್ರ ಎಟಕುತ್ತಿದ್ದುದರಿಂದ, ಪ್ರತಿ ಸಾಲಿಗೂ ಅವರು ಖಾಲಾಗೆ ಹೇಳಿ ಬದಲು ಮಾಡಿಸಿಕೊಳ್ಳಬೇಕಾಯಿತು. ನಡುಗೆರೆಯ ಕೊಂಡಿಗೆ ಇಬ್ಬರೂ ಎಳೆಗಳ ಸಂದಿಯಲ್ಲಿ ಬೆರಳು ತೂರಿಸಿ ಒಬ್ಬರ ನೂಲನ್ನು ಒಬ್ಬರು ಹಿಡಿದರು. ಖಾಲಾ ಎಣಿಸಿದರು. ನಾನು ಮುಂದೆ ನಿಂತು ನೋಡುತ್ತಿದ್ದೆ. ಮೊದಲ ಮೆಟ್ಟಿಲು ಬಲಕ್ಕೆ ಹೋಯಿತು. ಎರಡನೆಯದೂ. ಮಧ್ಯಾಹ್ನದ ಹೊತ್ತಿಗೆ ನಾನು ನೋಡುವುದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋದೆ.

ಮಗ್ಗದ ಕಡೆಯಿಂದ ಮಾತು ಕೇಳುತ್ತಲೇ ಇತ್ತು.

"ಇಷ್ಟ ವರ್ಷ ಬಾಜೂಕ ಕುಂತೀವಿ," ಅನ್ನುತ್ತಿದ್ದರು ಖಾಲಾ, "ಕೆಲಸದಾಗ ನಿನ್ನ ಮಾರಿ ನೋಡಿದ್ದಿಲ್ಲ ನೋಡ."

"ಈಗ ನೋಡಿ ಏನ್ ಸಿಕ್ತು ಭಾಬಿ?"

"ಮೂಗಬಟ್ಟು ಹೊಸಾದು ತಗೊಂಡೀದಿ. ನನಗ ಹೇಳಿಲ್ಲ."

ಆಮೇಲಿನ ದಿನಗಳ ಲೆಕ್ಕವನ್ನು ಈಗ ನೋಡಿದರೆ ನನಗೇ ನಂಬಿಕೆ ಬರುವುದಿಲ್ಲ. ಮೊದಲಿಗಿಂತ ದಿನಕ್ಕೆ ಅರ್ಧ ಗೇಣು ಹೆಚ್ಚೇ ಆಗಿದೆ. ಎದುರುಬದುರು ಕೂತ ಮೇಲೆ ಮಾತು ಹೆಚ್ಚಾಯಿತು, ಮಾತು ಹೆಚ್ಚಾದಷ್ಟೂ ಊಟಕ್ಕೆ ಏಳುವುದು ತಡವಾಯಿತು. ಡಿಸೆಂಬರ್ ಎರಡನೇ ವಾರ ಜಮಖಾನೆಯನ್ನು ಮಗ್ಗದಿಂದ ಇಳಿಸಿದೆವು. ಹಿಂದಿನ ವಿಮಾನ ಸ್ವಲ್ಪ ಕೆಳಗೆ, ಮುಂದಿನದು ಸ್ವಲ್ಪ ಮೇಲೆ, ಎರಡೂ ಒಂದೇ ದಿಕ್ಕಿಗೆ. ನಾದಿನಿ ನೆಲದ ಮೇಲೆ ಹಾಸಿದ್ದನ್ನು ನೋಡುತ್ತ, ತನ್ನದು ಮುಂದಿದೆ ಎಂದು ಕೇಂದ್ರಕ್ಕೆಲ್ಲ ಕೇಳುವಂತೆ ಹೇಳಿದರು. ಅದರ ಬೆನ್ನು ಕಾಯುವುದು ತಮ್ಮದು ಎಂದು ಖಾಲಾ ಅಷ್ಟೇ ಜೋರಾಗಿ ಹೇಳಿದರು.

ಹದಿನಾರರಂದು ಖಾಲಾ, ನಾದಿನಿ ಮತ್ತು ನಾನು ಅಜ್ಜನ ಊರಿಗೆ ಹೋದೆವು. ಶಾಲೆಯ ಅಂಗಳದಲ್ಲಿ ವೇದಿಕೆ, ಅದರ ಮೇಲೆ ಕುರ್ಚಿ. ಆದರೆ ಅಜ್ಜ ಜಮಖಾನೆಯನ್ನು ವೇದಿಕೆಯ ಮುಂದೆ, ಬೇವಿನ ಮರದ ಕೆಳಗೆ ಹಾಸಿಸಿದ್ದರು. ನಾಲ್ವರೂ ಬಂದಿದ್ದರು. ಹೃದಯದ ತೊಂದರೆಯವರನ್ನು ಅವರ ಮಗ ಕಾರಿನಿಂದ ಕೈಹಿಡಿದು ಇಳಿಸಿದ. ಅವರು ಮಂಡ್ಯದ ಕಡೆಯವರು, ತೆಳ್ಳಗೆ, ಉಣ್ಣೆಯ ಟೋಪಿ. ಐವರೂ ಚಪ್ಪಲಿ ಬಿಟ್ಟು ಜಮಖಾನೆಯ ಸುತ್ತ ಒಂದು ಸುತ್ತು ಬಂದರು. ನನ್ನ ಪಕ್ಕದಲ್ಲಿ ನಾದಿನಿ ಖಾಲಾನ ಸೆರಗು ಹಿಡಿದುಕೊಂಡಿದ್ದರು.

ಆಮೇಲೆ ಐವರೂ ಕೂತರು. ಅಷ್ಟು ದೊಡ್ಡ ಜಮಖಾನೆ ಬಿಟ್ಟು ಕೆಳಗಿನ ಅಂಚಿಗೆ, ಹಿಂದಿನ ವಿಮಾನದ ರೆಕ್ಕೆಯ ಕೆಳಗಿನ ಒಂದಿಷ್ಟು ಜಾಗದಲ್ಲಿ, ಮೊಣಕಾಲಿಗೆ ಮೊಣಕಾಲು ಒತ್ತಿಕೊಂಡು ಕೂತರು. ಫೋಟೋ ತೆಗೆಯುವವರಿಗಾಗಿ ಮುಖ್ಯೋಪಾಧ್ಯಾಯರು ನಡುವೆ ಬಂದು ಆರಾಮಾಗಿ ಕೂರಬೇಕೆಂದು ಎರಡು ಸಲ ವಿನಂತಿಸಿದರು.

"ರೆಕ್ಕೆ ಮೇಲೆ ಯಾರ್ ಸ್ವಾಮಿ ಕೂತ್ಕೋತಾರೆ?" ಅಂದರು ಮಂಡ್ಯದವರು. "ರೆಕ್ಕೆ ಕೆಳಗಡೆ ಕೂತ್ಕೊಳ್ಳೋದು."

ಆಗ ಅವರೇ ಹೇಳಿದರು. ವಿಮಾನಗಳನ್ನು ಕಳಿಸಿದ ಮೇಲೆ ಅವರಿಗೆ ಕೆಲಸವಿರುತ್ತಿರಲಿಲ್ಲ. ರಿಪೇರಿಗೆ ನಿಂತ ಇನ್ನೊಂದು ವಿಮಾನದ ರೆಕ್ಕೆಯ ಕೆಳಗೆ, ಚಳಿಗೆ ಹೀಗೇ ಒತ್ತಿಕೊಂಡು ಕೂರುತ್ತಿದ್ದರು. ನ್ಯಾಟ್ ಎಷ್ಟು ಗಿಡ್ಡವೆಂದರೆ ಕೂತವರ ತಲೆ ತಾಗುತ್ತಿತ್ತು. ಮರಳಿ ಬರುವ ವಿಮಾನಗಳ ಸದ್ದಿಗಾಗಿ ಕಿವಿ ಇಟ್ಟಿರುತ್ತಿದ್ದರು. ಒಂದು ಸದ್ದು ಕೇಳಿದರೂ ಏಳುತ್ತಿರಲಿಲ್ಲ. ಎರಡನೆಯದೂ ಕೇಳಬೇಕು. ಕೇಳಿದ ಮೇಲೆ ಯಾರಾದರೂ ಒಬ್ಬರು ಚಹಾಕ್ಕೆ ಓಡುತ್ತಿದ್ದರು.

ಹೇಳಿ ಮುಗಿಸಿ ಅವರು ಮುಂದಕ್ಕೆ ಬಾಗಿ, ಖಾಲಾ ನೇಯ್ದ ವಿಮಾನದ ಮೇಲೆ ಅಂಗೈ ಇಟ್ಟರು. ಇನ್ನೂ ಬಾಗಿ ತೋಳು ಚಾಚಿದರು. ನಾದಿನಿಯ ವಿಮಾನ ಎಟಕಲಿಲ್ಲ. ಅಜ್ಜ ಅವರ ಸೊಂಟ ಹಿಡಿದುಕೊಂಡರು, ಬೆರಳ ತುದಿ ಅದರ ಬಾಲಕ್ಕೆ ತಾಗಿತು.

"ಒಂದು," ಅಂದರು. "ಎರಡು." ಹಿಂದಕ್ಕೆ ಸರಿದು ಟೋಪಿ ಸರಿ ಮಾಡಿಕೊಂಡರು. "ಎರಡೂ ಬಂದ್ವು ಕಣ್ರಪ್ಪ. ಟೀ ಎಲ್ಲಿ?"

ಐವರೂ ಒಟ್ಟಿಗೇ ನಕ್ಕರು. ಮುಖ್ಯೋಪಾಧ್ಯಾಯರು ಭಾಷಣದ ಹಾಳೆಯನ್ನು ಮಡಚಿ ಜೇಬಿಗಿಟ್ಟು, ಮೊದಲು ಚಹಾ ಆಗಲಿ ಎಂದು ಅಡುಗೆಯವರಿಗೆ ಕೂಗಿ ಹೇಳಿದರು.